ದಲೆಂದಾ ಕಾಣದ ಮಾರ್ಸೇಲ್

ಕೆಫ್ ಊರಿನ ಮೇಲಿನ ಕೇರಿಯ ಹಮಾಮಿನ, ಎಂದರೆ ಹೆಂಗಸರ ಬಿಸಿನೀರಿನ ಸ್ನಾನದ ಮನೆಯ, ಬಾಗಿಲಲ್ಲಿ ನಾನು ಮೂವತ್ತೊಂದು ವರ್ಷದಿಂದ ಕುಳಿತಿದ್ದೇನೆ. ಗಂಡ ಬಿಟ್ಟುಹೋದ ಆಸ್ತಿ ಇದೊಂದೇ. ಒಳಗೆ ಮೂರು ಕೋಣೆ, ಒಂದಕ್ಕಿಂತ ಒಂದು ಬಿಸಿ. ಅತ್ತ ಕೊನೆಯ ಕೋಣೆಯಲ್ಲಿ ಒರಟು ಕೈಗವಸು ತೊಟ್ಟು ಹೆಂಗಸರ ಮೈ ಉಜ್ಜುತ್ತಿದ್ದವಳು ದಲೆಂದಾ. ಹತ್ತೊಂಬತ್ತಕ್ಕೆ ಕೆಲಸಕ್ಕೆ ಬಂದಳು. ಎಂಥ ಚೊಕ್ಕ ಮೈಯಿಂದಲೂ ಅವಳ ಕೈಗೆ ಕೊಳೆ ಶಾವಿಗೆಯಂತೆ ಉದುರುತ್ತಿತ್ತು. ಯಾರ ಬೆನ್ನಿನಲ್ಲಿ ಗಂಡನ ಬೆಲ್ಟಿನ ಗುರುತಿದೆ, ಯಾರು ಮೂರು ತಿಂಗಳ ಬಸುರಿ ಎಂದು ಅವಳಿಗೆ ಮೊದಲು ಗೊತ್ತಾಗುತ್ತಿತ್ತು. ಒಂದು ಮಾತೂ ಹೊರಗೆ ಬರುತ್ತಿರಲಿಲ್ಲ. ನನ್ನ ಬಾಯಿ ಹಾಗಲ್ಲ, ಅದು ಬೇರೆ ವಿಷಯ.

ಎರಡನೆಯ ಹೆರಿಗೆಯ ನಂತರ ಅವಳ ನಿದ್ದೆ ಹಾರಿಹೋಯಿತು. ಮೋರಿಯೊಳಗೆ ಮಗು ಅಳುತ್ತಿದೆ ಎನ್ನತೊಡಗಿದಳು. ಅವಳ ಮಗು ಅತ್ತೆಯ ಮಡಿಲಲ್ಲಿ ಗುಂಡುಗುಂಡಾಗಿ ಆಡಿಕೊಂಡಿತ್ತು. ಒಂದು ಮಧ್ಯಾಹ್ನ ಎಲ್ಲರೂ ಹೋದ ಮೇಲೆ ನಾನು ಒಳಗೆ ಹೋಗಿ ನೋಡಿದರೆ, ಮೋರಿಯ ಕಬ್ಬಿಣದ ಜಾಲರಿಯನ್ನು ಉಗುರಿನಿಂದ ಕೀಳುತ್ತಿದ್ದಾಳೆ, ಬೆರಳೆಲ್ಲ ರಕ್ತ. ಅವಳ ಗಂಡ ರಿದಾನನ್ನು ಕರೆಸಿದೆ. ಮರುದಿನವೇ ಅವನು ಅವಳನ್ನು ರಾಜಧಾನಿ ತೂನಿಸ್‌ನ ಮಾನಸಿಕ ಆಸ್ಪತ್ರೆಗೆ ಸೇರಿಸಿ ಬಂದ.

ಅವಳ ಅತ್ತೆ ಖದೂಜಾ ಊರಿಗೆಲ್ಲ ಹೇಳಿದ್ದೇ ಬೇರೆ. "ನಮ್ಮ ದಲೆಂದಾ ಫ್ರಾನ್ಸಿಗೆ, ಮಾರ್ಸೇಲಿಗೆ ಹೋಗವ್ಳೆ. ಅವಳಣ್ಣನ ಹೆಂಡ್ತಿಗೆ ಬಾಣಂತನ ಮಾಡೋರು ಬೇಕಲ್ಲ!" ಖದೂಜಾಳ ಮಗಳು ವಸೀಲಾಗೆ ಜಂದೂಬಾ ಊರಿನ ದೊಡ್ಡ ಮನೆಯಲ್ಲಿ ಗಂಡು ನಿಶ್ಚಯವಾಗಿತ್ತು. ಅತ್ತಿಗೆ ಹುಚ್ಚಾಸ್ಪತ್ರೆಯಲ್ಲಿದ್ದಾಳೆಂದು ತಿಳಿದರೆ ಆ ಸಂಬಂಧ ಅಂದೇ ಮುರಿದುಬೀಳುತ್ತಿತ್ತು. ನನಗೆ ನಿಜ ಗೊತ್ತಿತ್ತು, ಆದರೂ ತುಟಿ ಬಿಚ್ಚಲಿಲ್ಲ. ಒಳ್ಳೆಯತನಕ್ಕೆ ಎಂದು ತಿಳಿಯಬೇಡಿ. ಹಮಾಮಿನ ಮೋರಿ ಜಿನ್ನುಗಳ ಮನೆ, ಬಿಸ್ಮಿಲ್ಲಾ ಎನ್ನದೆ ಬಿಸಿನೀರು ಚೆಲ್ಲಿದವರನ್ನು ಅವು ಹಿಡಿಯುತ್ತವೆ. ನನ್ನ ಮೋರಿಯ ಜಿನ್ನು ನನ್ನ ಕೆಲಸದವಳನ್ನೇ ಹಿಡಿಯಿತೆಂದು ಗೊತ್ತಾದರೆ ಸ್ನಾನಕ್ಕೆ ಯಾರು ಬರುತ್ತಾರೆ?

ನಾಲ್ಕು ತಿಂಗಳ ಮೇಲೆ ದಲೆಂದಾ ಬಂದಳು. ಮುಖ ಊದಿತ್ತು, ಕೈ ಸ್ವಲ್ಪ ನಡುಗುತ್ತಿತ್ತು, ಆದರೆ ನಿದ್ದೆ ಬರುತ್ತಿತ್ತು, ಅಳು ನಿಂತಿತ್ತು. ಹೆಂಗಸರು ಮುತ್ತಿಕೊಂಡರು.

"ಏನೇ, ಫ್ರಾನ್ಸಿನ ನೀರು ಕುಡಿದು ದಪ್ಪ ಆಗಿದ್ದೀಯ!"

"ಸಮುದ್ರ ಹೇಗಿದೆ? ನಮಗೇನು ತಂದೆ?"

ಖದೂಜಾ ಮನೆಮನೆಗೂ ಒಂದೊಂದು ಮಾರ್ಸೇಲ್ ಸಾಬೂನು ಹಂಚಿದಳು. ಅದೇ ಸಾಬೂನನ್ನು ನಾನು ಮಸೀದಿಯ ಹಿಂದಿನ ಅಂಗಡಿಯಲ್ಲಿ ಎಷ್ಟೋ ಸಲ ಕೊಂಡಿದ್ದೆ. ದಲೆಂದಾ ಮಾತ್ರ "ಸಮುದ್ರ ದೊಡ್ಡದಿದೆ" ಎಂದಷ್ಟೇ ಹೇಳಿ ಕೈಗವಸು ತೊಟ್ಟಳು. ಅವಳು ಹುಟ್ಟಿದಾರಭ್ಯ ಸಮುದ್ರ ಕಂಡವಳಲ್ಲ.

ಆಸ್ಪತ್ರೆಯವರು ಬರೆದುಕೊಟ್ಟ ಮಾತ್ರೆ ತಿಂಗಳು ತಿಂಗಳು ನಮ್ಮೂರ ದವಾಖಾನೆಯಲ್ಲೇ ಸಿಗುತ್ತಿತ್ತು. ಮಂಗಳವಾರ ಅದಕ್ಕೆಂದೇ ಹೊರಗಿನ ಬೆಂಚಿನ ಮೇಲೆ ಕೂರಬೇಕು, ಹೆಸರು ಕೂಗುತ್ತಾರೆ. ಎದುರಿಗೇ ತರಕಾರಿ ಮಾರುಕಟ್ಟೆ. ಮಂಗಳವಾರ ಆ ಬೆಂಚಿನ ಮೇಲೆ ಕೂತವರು ಹುಚ್ಚಿನ ಮಾತ್ರೆಗೆ ಬಂದವರೆಂದು ಈರುಳ್ಳಿ ಮಾರುವವನಿಗೂ ಗೊತ್ತು. ತೂನಿಸ್‌ನಿಂದ ತಂದ ಮಾತ್ರೆ ಮುಗಿದಾಗ ಖದೂಜಾ ಅಡ್ಡ ನಿಂತಳು.

"ಮದುವೆ ಆಗೋವರೆಗೂ ತಡ್ಕೋ ಮಗಳೇ. ನಿನ್ನ ಕಾಲಿಗೆ ಬೀಳ್ತೀನಿ. ಎರಡು ತಿಂಗಳು ಅಷ್ಟೇ."

ರಿದಾ ಮಧ್ಯೆ ಬಾಯಿ ಹಾಕಲಿಲ್ಲ. ದಲೆಂದಾ ತಡೆದುಕೊಂಡಳು. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ನಾದಿನಿಯ ಮದುವೆಯ ದಿನ ಎಣಿಸಿದಳು. ಒಂದು ವಾರದಲ್ಲಿ ನಿದ್ದೆ ಕಡಿಮೆಯಾಯಿತು. ತಿಂಗಳು ಕಳೆಯುವಷ್ಟರಲ್ಲಿ ನೀರು ಸುರಿದು ಮೋರಿಯತ್ತ ಕಿವಿ ಕೊಡುವುದು ಶುರುವಾಯಿತು. ನಾನು ಆ ಕೋಣೆಯ ಬಾಗಿಲಿನಿಂದ ನೋಡಿದೆ. ನೋಡಿ ಮುಖ ತಿರುಗಿಸಿದೆ.

ಮದುವೆಗೆ ಹತ್ತು ದಿನ ಮೊದಲು ಮದುಮಗಳ ಸ್ನಾನ. ವರನ ತಾಯಿ ಸಾಲಿಹಾ ಎಂಟು ಹೆಂಗಸರೊಂದಿಗೆ ಬಂದಿದ್ದಳು, ನಮ್ಮ ಕೇರಿಯ ಹೆಂಗಸರೂ ಸೇರಿದ್ದರು, ಆ ದಿನ ನಾನೂ ಒಳಗಿದ್ದೆ. ಮೇಣದಬತ್ತಿ, ಕಿತ್ತಳೆ, ಹಾಡು, ನಗು. ಬೇರೆಯವಳಿಂದ ಉಜ್ಜಿಸಬೇಕೆಂದು ಖದೂಜಾ ನನ್ನ ಕಿವಿ ಕಚ್ಚಿದ್ದಳು. ಸಾಲಿಹಾ ಒಪ್ಪಲಿಲ್ಲ.

"ದಲೆಂದಾ ಕೈ ಅಂದ್ರೆ ಜಂದೂಬಾದಲ್ಲೂ ಹೆಸರುವಾಸಿ. ನನ್ನ ಸೊಸೆಗೆ ಅವಳೇ ಆಗ್ಬೇಕು."

ದಲೆಂದಾ ವಸೀಲಾಳ ಬೆನ್ನು ಅರ್ಧ ಉಜ್ಜಿದ್ದಳು. ಕೈ ನಿಂತಿತು. ತಲೆಯೆತ್ತಿ, ಗಂಟೆ ಎಷ್ಟಾಯಿತು ಎಂದು ಕೇಳುವವಳಂತೆ ಕೇಳಿದಳು.

"ಮೋರಿ ಒಳಗೆ ಮಗು ಅಳ್ತಾ ಇರೋದು ನಿಮಗೂ ಕೇಳಿಸ್ತಿದೆಯಾ? ಇಲ್ಲ, ನನಗೊಬ್ಬಳಿಗೇನಾ?"

ಹಾಡು ನಿಂತಿತು. ಖದೂಜಾ ಗಟ್ಟಿಯಾಗಿ ನಕ್ಕಳು. "ಮಾರ್ಸೇಲಿಗೆ ಹೋಗಿ ಬಂದಾಗಿಂದ ತಮಾಷೆ ಜಾಸ್ತಿ ಇವಳದ್ದು."

"ಯಾವ ಮಾರ್ಸೇಲ್ ಅತ್ತೆ?" ಎಂದಳು ದಲೆಂದಾ. "ನಾನು ತೂನಿಸ್‌ನ ಹುಚ್ಚಾಸ್ಪತ್ರೆಲಿದ್ದೆ. ಮಾತ್ರೆ ತಗೊಂಡಾಗ ಈ ಅಳು ನಿಂತಿತ್ತು. ಈಗ ಮಾತ್ರೆ ಇಲ್ಲ. ಇನ್ನು ತಡ್ಕೊಳೋಕೆ ಆಗಲ್ಲ, ಮನೇಲಿ ಎರಡು ಮಕ್ಕಳಿದಾವೆ, ನನಗೆ ನನ್ನ ಕೈ ಮೇಲೇ ಭಯ ಆಗ್ತಿದೆ. ಮಂಗಳವಾರ ಯಾರಾದ್ರೂ ನನ್ನ ದವಾಖಾನೆಗೆ ಕರ್ಕೊಂಡು ಹೋಗ್ತೀರಾ?"

ವಸೀಲಾ ಮುಖ ಮುಚ್ಚಿಕೊಂಡಳು. ಸಾಲಿಹಾ ಮೈಗೆ ಬಟ್ಟೆ ಸುತ್ತಿಕೊಂಡು ಎದ್ದಳು, ಅವಳ ಹಿಂದೆ ಎಂಟೂ ಜನ. ಯಾರೋ ಬಿಸ್ಮಿಲ್ಲಾ, ಬಿಸ್ಮಿಲ್ಲಾ ಎಂದು ಪಿಸುಗುಟ್ಟುತ್ತಿದ್ದರು. ನಮ್ಮ ಕೇರಿಯವರು ತಂತಮ್ಮ ಬಕೆಟ್ಟುಗಳನ್ನು ಎಳೆದುಕೊಂಡು ಗೋಡೆಗೆ ಅಂಟಿ ನಿಂತರು. ಹದಿನೈದು ವರ್ಷ ಅವಳಿಂದ ಬೆನ್ನು ಉಜ್ಜಿಸಿಕೊಂಡವರು! ನಾನೇನು ಮಾಡಿದೆ? ನಾಳೆಯಿಂದ ಇವಳನ್ನು ಬಿಡಿಸಬೇಕು ಎಂದುಕೊಂಡೆ. ನಾಚಿಕೆಯಾಗುತ್ತದೆ, ಆದರೆ ಹಾಗೇ ಅಂದುಕೊಂಡದ್ದು.

ಆಗ ಅಲ್ಜಿಯಾ ಎದ್ದಳು. ಎಪ್ಪತ್ತು ದಾಟಿದ ಮುದುಕಿ, ಬಾಯಿ ಬಿಟ್ಟರೆ ಕೇರಿ ಗಡಗಡ. ಅವಳು ಬಂದು ದಲೆಂದಾಳ ಮುಂದೆ ಬೆನ್ನು ಹಾಕಿ ಕೂತಳು.

"ಉಜ್ಜು."

"ಅಲ್ಜಿಯಾ ಅಮ್ಮ, ನನ್ನ ಕೈ..."

"ಕೈ ನಡುಗಿದ್ರೆ ನಡುಗಲಿ. ಉಜ್ಜೇ."

ಕೈಗವಸು ಅವಳ ಬೆನ್ನಿನ ಮೇಲೆ ಓಡತೊಡಗಿದಾಗ ಮುದುಕಿ ಗೋಡೆ ನೋಡಿಕೊಂಡು ಹೇಳಿದಳು. "ನನ್ನ ತಂಗಿ ಮಹ್ಬೂಬಾ ಟೈಫಾಯ್ಡ್ ಬಂದು ಸತ್ಲು ಅಂತ ನಿಮಗೆಲ್ಲ ಹೇಳಿದ್ವಿ. ನೀವು ಬಂದು ಅತ್ತು ಹೋದ್ರಿ. ಅವಳು ಸತ್ತಿರ್ಲಿಲ್ಲ, ಇವಳ ಹಾಗೇ ತಲೆ ಕೆಟ್ಟಿತ್ತು. ಆಮೇಲೆ ಹನ್ನೊಂದು ವರ್ಷ ನಮ್ಮ ಹಿಂದಿನ ಕೋಣೇಲಿದ್ಲು. ಬೀಗದ ಕೈ ನನ್ನ ಹತ್ರ ಇತ್ತು. ಊಟದ ತಟ್ಟೆ ಒಳಗೆ ತಳ್ತಿದ್ದೋಳು ನಾನು."

ಗೋಡೆಗೆ ಅಂಟಿದವರಲ್ಲಿ ಒಬ್ಬಳು ಬಕೆಟ್ಟು ಕೆಳಗಿಟ್ಟಳು.

"ನಿಜವಾಗ್ಲೂ ಸತ್ತಾಗ ಹೂಳೋಕೆ ನಾಲ್ಕು ಜನಾನ ಕರೆಯೋ ಹಾಗಿರ್ಲಿಲ್ಲ. ಸತ್ತೋಳು ಇನ್ನೊಂದ್ಸಲ ಹೇಗೆ ಸಾಯ್ತಾಳೆ? ಅಣ್ಣ ಒಬ್ಬನೇ ಗುಂಡಿ ತೋಡ್ದ." ಆಮೇಲೆ ನನ್ನ ಕಡೆ ತಿರುಗಿದಳು. "ಹಬೀಬಾ, ಮಂಗಳವಾರ ನಿನ್ನ ಹಮಾಮು ಮುಚ್ಚು. ನೀನೂ ಬರ್ತೀಯ."

ಮದುವೆ ನಿಂತುಹೋಯಿತು. ಮೂರನೆಯ ದಿನ ಜಂದೂಬಾದವರು ಉಡುಗೊರೆಯ ತಟ್ಟೆಗಳನ್ನು ವಾಪಸು ಕಳಿಸಿದರು. ವಸೀಲಾ ಇಂದಿಗೂ ಅತ್ತಿಗೆಯ ಜೊತೆ ಮಾತಾಡುವುದಿಲ್ಲ, ತಪ್ಪೆನ್ನಲು ನನಗೆ ಬಾಯಿಲ್ಲ. ಖದೂಜಾ ಹಾಸಿಗೆ ಹಿಡಿದಳು. ಮೇಲಿನ ಕೇರಿಯ ಅರ್ಧ ಜನ ಕೆಳಗಿನ ಹಮಾಮಿಗೆ ಹೋಗತೊಡಗಿದರು. ದಲೆಂದಾಳನ್ನು ನಾನು ಬಿಡಿಸಲಿಲ್ಲ. ಅಲ್ಜಿಯಾಳ ಭಯಕ್ಕೋ, ನನ್ನ ಮೇಲಿನ ನಾಚಿಕೆಗೋ, ಎರಡಕ್ಕೂ ಇರಬೇಕು.

ಮಂಗಳವಾರ ಅಲ್ಜಿಯಾ, ನಾನು, ಕೇರಿಯ ಇನ್ನು ಮೂವರು ದಲೆಂದಾಳ ಜೊತೆ ಹೋದೆವು. ಬೆಂಚಿನ ಮೇಲೆ ಸಾಲಾಗಿ ಕೂತೆವು. ಈರುಳ್ಳಿಯವನು ತಕ್ಕಡಿ ಕೆಳಗಿಟ್ಟು ನೋಡಿದ. "ಏನೋ, ಹೆಂಗಸರ ಕಂಡಿಲ್ವಾ? ನಿನ್ನ ಈರುಳ್ಳಿ ಕೊಳೀತಿದೆ, ಅದು ನೋಡು" ಎಂದೆ. ನರ್ಸ್ ಹೆಸರು ಕೂಗಿದಳು, ದಲೆಂದಾ ಒಳಗೆ ಹೋಗಿ ಡಾಕ್ಟರರ ಹತ್ತಿರ ಕೂತು, ಪುಟ್ಟ ಪೊಟ್ಟಣ ಹಿಡಿದು ಬಂದಳು. ಅಲ್ಜಿಯಾ ಅದನ್ನು ಇಸಿದುಕೊಂಡು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ ಬಾಗಿಲಲ್ಲಿದ್ದ ನರ್ಸನ್ನು ಕೇಳಿದಳು.

"ಇದು ಗುಣ ತೋರಿಸೋಕೆ ಎಷ್ಟು ದಿನ ಹಿಡಿಯುತ್ತೆ ಮಗಳೇ?"

"ಕೆಲವರಿಗೆ ಮೂರು ನಾಲ್ಕು ವಾರ ಅಮ್ಮ" ಎಂದಳು ನರ್ಸ್. "ಕೆಲವರಿಗೆ ಜಾಸ್ತಿ. ಎಲ್ಲರಿಗೂ ಪೂರ್ತಿ ಗುಣ ಆಗುತ್ತೆ ಅನ್ನೋಕಾಗಲ್ಲ. ಆದ್ರೆ ಜನರ ಮಧ್ಯೆ ಇರಬಹುದು."

"ಇಲ್ಲಿ ಎಷ್ಟು ವರ್ಷದಿಂದ ಕೊಡ್ತಿದ್ದೀರಿ?"

"ನಾನು ಬಂದೇ ಇಪ್ಪತ್ತೈದು ವರ್ಷ ಆಯ್ತು. ಅದಕ್ಕೂ ಮೊದಲಿಂದ ಇದೆ."

ಅಲ್ಜಿಯಾ ಲೆಕ್ಕ ಹಾಕಿದಳು. ನಾವೂ ಹಾಕಿದೆವು. ಮಹ್ಬೂಬಾಳನ್ನು ಕೂಡಿಹಾಕಿ ಇಪ್ಪತ್ತೊಂದು ವರ್ಷ, ಅವಳು ನಿಜವಾಗಿ ಸತ್ತು ಹತ್ತು ವರ್ಷವಾಗಿತ್ತು. ಮುದುಕಿ ಮಾರುಕಟ್ಟೆಯ ಆಚೆ ಒಂದು ಗೋಡೆಯ ಕಡೆ ಕೈ ತೋರಿಸಿದಳು. ಅದರಲ್ಲಿ ಸರಳು ಹಾಕಿದ ಸಣ್ಣ ಕಿಟಕಿ.

"ಅದೇ ಕೋಣೆ" ಎಂದಳು. "ದಿನಾ ಆ ಕಿಟಕೀಲಿ ನಿಂತು ಅವಳು ಈ ಬೆಂಚನ್ನೇ ನೋಡ್ತಿದ್ಲು."

ಆಮೇಲೆ ಅಲ್ಲೇ ಕುಸಿದು ಕೂತು ಎದೆ ಬಡಿದುಕೊಂಡು ಅತ್ತಳು. ದಲೆಂದಾ ಅವಳನ್ನು ತೋಳಲ್ಲಿ ತಬ್ಬಿ ಹಿಡಿದಳು. ಇಡೀ ಮಾರುಕಟ್ಟೆ ನೋಡುತ್ತಿತ್ತು. ನೋಡಲಿ ಬಿಡಿ.