ಅಪ್ಪ ಬೀಗ ಹಾಕಿದ್ದ ಚಾನೆಲ್‌ಗಳು

ಕಾಂದಿವಲಿಯ ನಮ್ಮ ಚಾಳಿನ ಕೋಣೆಯಲ್ಲಿ ಸಂಜೆಯ ಬೆಳಕು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಎದುರಿನ ಬಿಲ್ಡಿಂಗಿನ ನೆರಳು ಬಿದ್ದರೆ ಸಾಕು, ಮನೆ ಅರ್ಧ ನಿದ್ದೆಯಲ್ಲಿದ್ದಂತೆ ಕಾಣುತ್ತಿತ್ತು. ಆ ಮಬ್ಬಿನಲ್ಲಿ ಟಿವಿಯ ನೀಲಿ ಬೆಳಕು ಗೋಡೆಯ ಮೇಲೆ, ಅವ್ವನ ಮುಖದ ಮೇಲೆ, ಸಾಲಾಗಿ ಜೋಡಿಸಿದ ಸ್ಟೀಲಿನ ಡಬ್ಬಿಗಳ ಮೇಲೆ ನೀರಿನಂತೆ ಅಲುಗುತ್ತಿತ್ತು. ಬಾಲ್ಯವೆಂದರೆ ನನಗೆ ಮೊದಲು ನೆನಪಾಗುವುದು ಆ ಅಲುಗಾಟ.

ಅಪ್ಪ ಬಾಗಲಕೋಟೆ ಕಡೆಯವರು. ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮಷಿನ್ ನಡೆಸುತ್ತಿದ್ದರು. ನನಗೆ ಹತ್ತು, ತಮ್ಮನಿಗೆ ಆರು ವರ್ಷವಿದ್ದಾಗ ರಜೆಗೆಂದು ಊರಿಗೆ ಹೋಗಿದ್ದೆವು. ಅಜ್ಜಿ ಇನ್ನೊಂದು ರೊಟ್ಟಿ ಬಡಿಸಲು ಬಂದರೆ ತಮ್ಮ, "ಬಸ್, ಔರ್ ನಹೀಂ ಚಾಹಿಯೇ" ಎಂದು ಹಿಂದಿಯಲ್ಲಿ ಬೇಡವೆಂದ. ಅಜ್ಜಿಗೆ ತಿಳಿಯಲಿಲ್ಲ. ಅಪ್ಪನ ಕಡೆ ತಿರುಗಿ, "ಏನಂತೈತೋ ನಿನ್ನ ಕೂಸು?" ಎಂದು ಕೇಳಿದಳು. ನಗುತ್ತಲೇ ಕೇಳಿದ್ದಳು. ಆದರೆ ತನ್ನ ಮಗನ ಮಾತನ್ನು ತನ್ನ ತಾಯಿಗೆ ಬಿಡಿಸಿ ಹೇಳಬೇಕಾದ ಅಪ್ಪ ಮಾತ್ರ ನಗಲಿಲ್ಲ. ಮುಂಬಯಿಗೆ ಮರಳುವಾಗ ಕಲ್ಯಾಣ ಬರುವತನಕ ರೈಲಿನ ಕಿಟಕಿಗೆ ತಲೆ ಆನಿಸಿ ಕೂತಿದ್ದರು.

ಮರುದಿನ ಸೆಟ್‌ಟಾಪ್ ಬಾಕ್ಸಿನ ಮುಂದೆ ಕೂತು ಒಂದೊಂದೇ ಚಾನೆಲ್ಲಿಗೆ ಬೀಗ ಹಾಕಿದರು. ನಾಲ್ಕು ಅಂಕಿ ಒತ್ತದೆ ಅವು ತೆರೆಯುತ್ತಿರಲಿಲ್ಲ. ತಮ್ಮನ ಕಾರ್ಟೂನು ಹೋಯಿತು, ಹಿಂದಿ ಸಿನಿಮಾ ಹೋಯಿತು, ಅವ್ವ ಮಧ್ಯಾಹ್ನ ನೋಡುತ್ತಿದ್ದ ಮರಾಠಿ ಧಾರಾವಾಹಿಯೂ ಹೋಯಿತು. ಕನ್ನಡದ ನಾಲ್ಕೈದು ಉಳಿದವು. ಅವುಗಳ ಜೊತೆ ಕಾಡುಪ್ರಾಣಿಗಳ ಚಾನೆಲ್ಲೊಂದು.

"ಅದೂ ಹಿಂದೀನ ಐತಲ್ರೀ," ಎಂದಳು ಅವ್ವ.

"ಆನಿಗೆ ಎಲ್ಲೀ ಹಿಂದಿ? ಇರ್ಲಿ ಬಿಡು," ಎಂದು ಅಪ್ಪ ಅದರ ಸದ್ದನ್ನು ಪೂರ್ತಿ ಅಡಗಿಸಿದರು.

ಅಂದಿನಿಂದ ಪಾಳಿ ಮುಗಿಸಿ ಸಂಜೆ ಬಂದ ಅಪ್ಪ ಚಹಾ ಲೋಟ ಹಿಡಿದು ಆ ಮೂಕ ಪ್ರಾಣಿಗಳಿಗೆಲ್ಲ ಮಾತು ಕೊಡತೊಡಗಿದರು. ಆನೆಗಳ ಹಿಂಡು ಬಂದರೆ, "ಈಕಿ ಹಿರೇ ಸೊಸಿ, ನೀರಿಗೆ ಹೊಂಟಾಳ. ಹಿಂದ ಬರಾಕತ್ತಾಕಿ ಸಣ್ಣ ಸೊಸಿ, ಈಕಿ ನೆಗೆಣ್ಣಿ. ಇಬ್ಬರಿಗೂ ಮಾತಿಲ್ಲ." ಹಿಮದ ಮೇಲೆ ಪೆಂಗ್ವಿನ್‌ಗಳು ತಡಬಡಿಸಿ ಓಡಿದರೆ, "ಇವರು ಕಾರ್ಖಾನಿ ಮಂದಿ. ಲೋಕಲ್ ತಪ್ಪತೈತಿ ಅಂತ ಓಡಾಕತ್ತಾರ." ಕಾರ್ಟೂನಿಗಾಗಿ ಅಳುತ್ತಿದ್ದ ತಮ್ಮ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಕೇಳುತ್ತಿದ್ದ. ತಿಮಿಂಗಿಲವೊಂದು ಕತ್ತಲ ನೀರಿನಲ್ಲಿ ನಿಧಾನವಾಗಿ ತಿರುಗುವಾಗ ನಮ್ಮ ಕೋಣೆಯೇ ಮೆಲ್ಲಗೆ ಮುಳುಗುತ್ತಿದೆ ಅನ್ನಿಸುತ್ತಿತ್ತು. ಕೆಳಗಿನ ರಿಕ್ಷಾಗಳ ಸದ್ದು ಎಲ್ಲೋ ಮೇಲಿನಿಂದ ಕೇಳಿದಂತಾಗುತ್ತಿತ್ತು.

ಒಂದು ಸಂಜೆ ಆನೆಮರಿಯೊಂದು ನೆಲದ ಮೇಲೆ ಮಲಗಿತ್ತು. ತಾಯಿ ಅದರ ಪಕ್ಕ ನಿಂತು ಸೊಂಡಿಲಿನಿಂದ ಮುಟ್ಟಿ ಮುಟ್ಟಿ ನೋಡುತ್ತಿತ್ತು. ಅಪ್ಪ ಚಹಾ ಲೋಟ ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ದೂರ ನಡದು ದಣದೈತಿ ಕೂಸು. ನಿದ್ದಿ ಹತ್ತೈತಿ. ಬಿಸಲ ಬೀಳಬಾರದಂತ ಅವ್ವ ನೆಳ್ಳಾಗಿ ನಿಂತಾಳ," ಎಂದರು. ಮೆಂತೆ ಸೊಪ್ಪು ಬಿಡಿಸುತ್ತಿದ್ದ ಅವ್ವನ ಕೈ ನಿಂತಿತ್ತು.

ಅಪ್ಪ ಮುಂಬಯಿಯ ಸುದ್ದಿ ನೋಡಲು ಬೀಗ ತೆರೆಯುವಾಗ ಅವರ ಹೆಬ್ಬೆರಳು ಓಡಾಡುವ ದಾರಿಯನ್ನು ನಾನು ಕದ್ದು ನೋಡಿ ಕಲಿತಿದ್ದೆ. ಕೆಲವು ದಿನಗಳ ನಂತರ, ಅವ್ವ ರೇಶನ್ ಅಂಗಡಿಗೆ ಹೋದ ಮಧ್ಯಾಹ್ನ, ತಮ್ಮನಿಗೆ ಕಾರ್ಟೂನು ಹಾಕಿಕೊಟ್ಟೆ. ಕಾರ್ಟೂನು ಮುಗಿದ ಮೇಲೆ ಅವನು ಚಾನೆಲ್ ತಿರುಗಿಸುತ್ತ ಹೋದ. ಅದೇ ಆನೆಗಳು ಮತ್ತೆ ಬಂದವು. ಈ ಸಲ ಸದ್ದು ಇತ್ತು. ಹಿಂದಿಯ ಗಂಭೀರ ದನಿಯೊಂದು, ಮರಿ ಸತ್ತು ಮೂರು ದಿನವಾಯಿತು, ಆದರೂ ತಾಯಿ ಅದನ್ನು ಬಿಟ್ಟು ಕದಲುತ್ತಿಲ್ಲ ಎಂದು ಹೇಳುತ್ತಿತ್ತು.

ತಮ್ಮ ನನ್ನ ಮುಖ ನೋಡಿದ. ನಾನು ಟಿವಿ ಆರಿಸಿದೆ. ಅದಕ್ಕೂ ಹಿಂದಿನ ವರ್ಷ ಪರೇಲಿನ ಆಸ್ಪತ್ರೆಯಲ್ಲಿ ನಮಗೊಬ್ಬಳು ತಂಗಿ ಹುಟ್ಟಿ, ನಾಲ್ಕನೆಯ ದಿನಕ್ಕೆ ಹೋಗಿಬಿಟ್ಟಿದ್ದಳು. ನಾವಿಬ್ಬರೂ ಅವಳನ್ನು ನೋಡಿರಲಿಲ್ಲ. ಮನೆಯಲ್ಲಿ ಯಾರೂ ಅವಳ ಮಾತು ಎತ್ತುತ್ತಿರಲಿಲ್ಲ. ಅಂದು ಅವ್ವನ ಕೈ ಯಾಕೆ ನಿಂತಿತ್ತು ಎಂದು ನನಗೆ ಆಗ ಹೊಳೆಯಿತು.

ಸಂಜೆ ಅಪ್ಪ ಕೈಗೆ ಹತ್ತಿದ್ದ ಮಷಿನ್ ಎಣ್ಣೆ ತೊಳೆದುಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಅಪ್ಪಾ, ಆ ಆನಿಮರಿ ನಿದ್ದಿ ಮಾಡಿರಲಿಲ್ಲ," ಎಂದೆ.

ನಾವು ಸದ್ದು ಹಾಕಿ ನೋಡಿದ್ದು ಅವರಿಗೆ ಆ ಕ್ಷಣವೇ ತಿಳಿಯಿತು. ಬೈಗುಳಕ್ಕೆ ಕಾದು ನಿಂತೆ. ಅವರು ನಲ್ಲಿ ಬಂದ್ ಮಾಡಿದರು.

"ಗೊತ್ತೈತಿ. ನೋಡಿದ್ರ ತಿಳೀತಿತ್ತಲ್ಲ."

"ಮತ್ಯಾಕ ಹಂಗ ಹೇಳಿದಿ?"

ಅಪ್ಪ ಅವ್ವನ ಕಡೆ ನೋಡಿದರು. ನಮಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದ ಅವ್ವ, "ನನ್ನ ಸಲುವಾಗಿ ಹೇಳಿದ್ರು," ಎಂದಳು. ಗ್ಯಾಸ್ ಆರಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಬಂದು ನಮ್ಮ ಹತ್ತಿರ ಕೂತಳು. ಯಾರಿಗೋ ಕನಸು ಹೇಳುವವಳಂತೆ, "ಆಕಿ ಆಕಳಿಸ್ತಿದ್ಲು. ಮೂರನೇ ದಿನ ಎರಡ ಸಲ ಆಕಳಿಸಿದ್ಲು. ಕೂದ್ಲ ಭಾಳ ಇತ್ತು, ಕಿವೀ ಮುಚ್ಚೂವಷ್ಟು," ಎಂದಳು.

ಅಪ್ಪ ಒದ್ದೆ ಕೈಯಲ್ಲೇ ಬಾಗಿಲ ಹತ್ತಿರ ಕೂತರು. ಮೂರನೆಯ ದಿನ ಅವರು ಪಾಳಿಗೆ ಹೋಗಿದ್ದರಂತೆ. "ಇದನ್ನ ನೀ ನನಗ ಹೇಳಿರಲಿಲ್ಲ," ಎಂದರು.

"ನೀವು ಕೇಳಿರಲಿಲ್ಲ," ಎಂದಳು ಅವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಮುಂದಿನ ಭಾನುವಾರ ಅಪ್ಪ ಬೀಗಗಳನ್ನೆಲ್ಲ ತೆಗೆದರು. "ಅಜ್ಜಿ ಕೂಡ ಮಾತ್ರ ನಮ್ಮ ಮಾತಿನಾಗ ಮಾತಾಡ್ರಿ, ಅಷ್ಟ ಸಾಕು," ಎಂದರು. ತಮ್ಮ ಕಾರ್ಟೂನಿನ ಮುಂದೆ ಕೂತ. ಕೋಣೆಯ ತುಂಬ ಬಣ್ಣಬಣ್ಣದ ಬೆಳಕು, ಗದ್ದಲ. ಅಪ್ಪ, ಅವ್ವ ಹೊರಗಿನ ಗ್ಯಾಲರಿಯಲ್ಲಿ ಕಟಕಟೆಗೆ ಒರಗಿ ನಿಂತಿದ್ದರು. ಅಪ್ಪ ಏನೋ ಕೇಳುತ್ತಿದ್ದರು. ಅವ್ವ ಎರಡು ಅಂಗೈಗಳನ್ನು ಎದುರುಬದುರು ಹಿಡಿದು, ತಂಗಿ ಎಷ್ಟು ಉದ್ದವಿದ್ದಳೆಂದು ತೋರಿಸುತ್ತಿದ್ದಳು.