ನೌಫತ್ತೆ ಕೆಳಗಿಟ್ಟ ಬಟ್ಟಲು

ನೌಫತ್ತೆ ಕಾಫಿಯಿಲ್ಲದೆ ದಿನ ಕಳೆದದ್ದನ್ನು ನಾನು ಒಂದೇ ಸಲ ಕಂಡಿದ್ದೇನೆ. ಆ ವರ್ಷ ಸ್ವಾತಂತ್ರ್ಯ ದಿನದ ರಜೆ ಭಾನುವಾರಕ್ಕೆ ಬಿದ್ದು, ನಮ್ಮಲ್ಲಿ ವಾರದ ರಜೆಯಾದ ಶುಕ್ರವಾರ ಶನಿವಾರಗಳ ಜೊತೆ ಸೇರಿಕೊಂಡಿತ್ತು. ನಾವೆಲ್ಲ ಜರ್ಕಾದಿಂದ ಕರಕ್ ಕಡೆಯ ನಮ್ಮ ಊರಿಗೆ, ಮಿತ್ಕಾಲ್ ದೊಡ್ಡಪ್ಪನ ಮನೆಗೆ ಹೋಗಿದ್ದೆವು.

ನೌಫತ್ತೆ ನನ್ನ ಅಪ್ಪನಿಗೆ ಅಕ್ಕ, ದೊಡ್ಡಪ್ಪನಿಗೆ ತಂಗಿ. ಜರ್ಕಾದಲ್ಲಿ ನಮ್ಮ ಮಹಡಿಯ ಮೇಲಿನ ಕೋಣೆಯಲ್ಲಿ ಇದ್ದಳು. ಗಂಡ ಸೈನ್ಯದಲ್ಲಿ ಅಡುಗೆಯವನಾಗಿದ್ದ, ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಅತ್ತೆ ತನ್ನ ಜೀವನ ತಾನೇ ನಡೆಸುತ್ತಿದ್ದಳು. ಒಮ್ಮೆ ಮಾರುಕಟ್ಟೆಯ ಅಂಗಡಿಯವನೊಬ್ಬ ಕೆಟ್ಟ ಜಿಪ್ಪುಗಳ ಕಟ್ಟನ್ನು ಮಾರಿ, ಬದಲಾಯಿಸಿ ಕೊಡುವುದಿಲ್ಲ ಎಂದನಂತೆ. ಅತ್ತೆ ಜಗಳವಾಡಲಿಲ್ಲ. ಅವನ ಅಂಗಡಿಯ ಮುಂದೆಯೇ ಸ್ಟೂಲು ಹಾಕಿಕೊಂಡು ಕೂತು, ಬಂದ ಗಿರಾಕಿಗಳಿಗೆಲ್ಲ ಒಂದೊಂದು ಜಿಪ್ಪನ್ನು ಎಳೆದು ತೋರಿಸಿದಳು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹೊಸ ಕಟ್ಟು ಕೈಗೆ ಬಂತು. ಅತ್ತೆಯ ಸ್ವಭಾವ ಅಂಥದ್ದು. ದನಿ ಏರಿಸುವುದಿಲ್ಲ, ಜಾಗ ಬಿಡುವುದಿಲ್ಲ.

ಅಬೂ ನಾಯಿಫ್ ಎಂಬವರು ಶಾಲೆಯ ಬಸ್ಸು ಓಡಿಸುತ್ತಿದ್ದರು. ಹೆಂಡತಿ ತೀರಿಕೊಂಡಿದ್ದಳು, ಮಗ ಬೇರೆ ಸಂಸಾರ ಹೂಡಿದ್ದ. ಬಸ್ಸಿನ ಸೀಟುಗಳ ಹೊದಿಕೆ ಹರಿದಾಗ ಅತ್ತೆಯ ಬಳಿ ಹೊಲಿಸಲು ತರುತ್ತಿದ್ದರು. ಆಮೇಲೆ ಆಮೇಲೆ ಆ ಹೊದಿಕೆಗಳು ಬಹಳ ಬೇಗ ಬೇಗ ಹರಿಯತೊಡಗಿದವು. ನನ್ನ ಅಮ್ಮ ನಗುತ್ತಿದ್ದಳು, ಅತ್ತೆ ತಲೆ ತಗ್ಗಿಸಿ ಹೊಲಿಯುತ್ತಿದ್ದಳು.

ಚಳಿಗಾಲದಲ್ಲಿ ಅಬೂ ನಾಯಿಫ್ ತಮ್ಮ ಕಡೆಯ ಹಿರಿಯರನ್ನು ದೊಡ್ಡಪ್ಪನ ಮನೆಗೆ ಹೆಣ್ಣು ಕೇಳಲು ಕಳಿಸಿದರು. ನಮ್ಮಲ್ಲಿ ಕೋರಿಕೆ ಹೊತ್ತು ಬಂದವರು ಮೊದಲ ಬಟ್ಟಲು ಕಾಫಿಯನ್ನು ಕುಡಿಯುವುದಿಲ್ಲ, ತಮ್ಮ ಮುಂದೆ ಇಟ್ಟುಬಿಡುತ್ತಾರೆ. ಮನೆಯ ಯಜಮಾನ "ಕುಡೀರಿ, ನೀವು ಬಂದ ಕೆಲಸ ಆಯ್ತು" ಎಂದ ಮೇಲೆಯೇ ಬಟ್ಟಲು ತುಟಿಗೆ ಹೋಗುವುದು. ದೊಡ್ಡಪ್ಪ ಆ ಮಾತು ಹೇಳಲಿಲ್ಲ. "ಈ ಮನೇಲಿ ಮದುವೆಗೆ ಹೆಣ್ಣಿಲ್ಲ. ಇರೋದು ನನ್ನ ತಂಗಿ, ಅವಳು ಅಜ್ಜಿ ಆಗೋ ವಯಸ್ಸಿನೋಳು" ಎಂದರಂತೆ. ಬಂದವರು ತುಂಬಿದ ಬಟ್ಟಲು ಬಿಟ್ಟು ಎದ್ದುಹೋದರು. ಸುದ್ದಿ ಕೇಳಿದ ದಿನ ಅತ್ತೆ ಒಂದು ಅಂಗಿಯ ತೋಳನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು.

ಆ ಗುರುವಾರ ಸಂಜೆ ನಾವು ತಲುಪಿದಾಗ ತರ್ಫಾ ದೊಡ್ಡಮ್ಮ ಮಾಳಿಗೆಯ ಮೇಲೆ ಗಟ್ಟಿ ಮೊಸರಿನ ಉಂಡೆಗಳನ್ನು ಬಿಸಿಲಿಗಿಟ್ಟಿದ್ದವಳು ಕೈ ಒರೆಸಿಕೊಳ್ಳುತ್ತಲೇ ಓಡಿಬಂದಳು. ಎಲ್ಲರಿಗೂ ಕೆನ್ನೆಗೆ ಮುತ್ತು, ಎಲ್ಲರಿಗೂ ಬೈಗುಳ.

"ರಂಜಾನ್ ಆದ ಮೇಲೆ ಒಂದು ಸಲನಾದ್ರೂ ಮುಖ ತೋರಿಸಿದ್ರಾ? ನಿಮ್ಮ ಕಾರಿಗೆ ಕರಕ್ ದಾರಿ ಮರೆತುಹೋಗಿತ್ತಾ?"

"ಕಾರಿಗೆ ನೆನಪಿತ್ತು ಅತ್ತಿಗೆ, ಪೆಟ್ರೋಲಿಗೆ ಮರೆತಿತ್ತು" ಎಂದ ನನ್ನ ಅಪ್ಪ.

ಊಟವಾಯಿತು. ದೊಡ್ಡಪ್ಪ ಪಡಸಾಲೆಯಲ್ಲಿ ಕಾಫಿ ಹೂಜಿ ಹಿಡಿದು ಕೂತರು. ಕಹಿ ಕಾಫಿಯನ್ನು ಅವರು ಬೇರೆ ಯಾರ ಕೈಗೂ ಕೊಡುವುದಿಲ್ಲ, ತಾವೇ ಹುರಿದು, ಕುಟ್ಟಿ, ತಾವೇ ಸುರಿಯುತ್ತಾರೆ. ಅತ್ತೆಯೂ ಅವರೂ ಕಾಫಿಯ ವಿಷಯದಲ್ಲಿ ಒಂದೇ ಅಚ್ಚು. ಮೊದಲ ಬಟ್ಟಲನ್ನು ಅತ್ತೆಗೇ ಚಾಚಿದರು. ಅತ್ತೆ ಬಲಗೈಯಲ್ಲಿ ತೆಗೆದುಕೊಂಡು, ಮೂಗಿನ ಹತ್ತಿರ ತಂದು, ಮೆಲ್ಲನೆ ತನ್ನ ಮುಂದೆ ಚಾಪೆಯ ಮೇಲೆ ಇಟ್ಟಳು.

ಅಪ್ಪ ತನ್ನ ಚಪ್ಪಲಿ ಎಲ್ಲಿದೆ ಎಂದು ಬಾಗಿಲ ಕಡೆ ನೋಡತೊಡಗಿದ.

"ಏನಿದು ನೌಫಾ?" ಎಂದರು ದೊಡ್ಡಪ್ಪ.

"ಬಟ್ಟಲು ಇಟ್ಟಿದೀನಿ ಅಣ್ಣ."

"ಅದು ಕಾಣ್ತಿದೆ. ಯಾಕೆ?"

"ಕೋರಿಕೆ ಇದೆ. ಏನು ಅಂತ ನಿನಗೆ ಗೊತ್ತು."

"ಹೆಂಗಸು ತನ್ನ ಮದುವೆ ತಾನೇ ಕೇಳ್ಕೊಂಡು ಬಟ್ಟಲು ಇಡೋದನ್ನ ನಮ್ಮ ಅಪ್ಪನೂ ಕಂಡಿಲ್ಲ, ಅಜ್ಜನೂ ಕಂಡಿಲ್ಲ."

"ಅದಕ್ಕೇ ಗಂಡಸರನ್ನ ಕಳಿಸಿದ್ವಿ. ನೀನು ಅವರನ್ನ ವಾಪಸ್ ಕಳಿಸಿದೆ. ಇನ್ನು ಉಳಿದೋಳು ನಾನೊಬ್ಳೇ."

ದೊಡ್ಡಪ್ಪನ ಕಿವಿ ಕೆಂಪಾಯಿತು. "ಬಟ್ಟಲು ಇಡೋದು ಅತಿಥಿಗಳು. ನೀನು ಮನೆ ಮಗಳು. ಮನೆ ಮಗಳಿಗೆ ಆ ಲೆಕ್ಕ ಇಲ್ಲ. ಕುಡಿದು ಮಲ್ಕೋ ಹೋಗು."

"ಮನೆ ಮಗಳಾಗಿದ್ರೆ ನೀನು ನನ್ನನ್ನ ಒಂದು ಮಾತು ಕೇಳಿ ಅವರಿಗೆ ಉತ್ತರ ಕೊಡ್ತಿದ್ದೆ" ಎಂದು ಅತ್ತೆ ಎದ್ದಳು. ಬಟ್ಟಲು ಅಲ್ಲೇ ಉಳಿಯಿತು. ನೊಣ ಬೀಳದಿರಲಿ ಎಂದು ದೊಡ್ಡಮ್ಮ ಅದರ ಮೇಲೆ ತಟ್ಟೆ ಮುಚ್ಚಿದಳು. ತೆಗೆದಿಡುವ ಧೈರ್ಯ ಅವಳಿಗೂ ಬರಲಿಲ್ಲ.

ಕೋರ್ಟಿಗೆ ಹೋದರೆ ಇಷ್ಟೆಲ್ಲ ಬೇಕಿಲ್ಲ, ನ್ಯಾಯಾಧೀಶರ ಎದುರೇ ಮದುವೆ ಆಗಿಬಿಡಬಹುದು ಎಂದು ಅಮ್ಮ ಮಲಗುವ ಮುಂಚೆ ಪಿಸುಗುಟ್ಟಿದಳು. ನಾವು ಹೆಂಗಸರೆಲ್ಲ ಒಂದೇ ಕೋಣೆಯಲ್ಲಿ ಹಾಸಿಗೆ ಸಾಲಾಗಿ ಹಾಸಿಕೊಂಡಿದ್ದೆವು.

"ಆಗುತ್ತೆ" ಎಂದಳು ಅತ್ತೆ. "ಆಮೇಲೆ ಮುಂದಿನ ರಜೆಗೆ ಎಲ್ಲಿಗೆ ಬರಲಿ? ನನಗೆ ಅವರೂ ಬೇಕು, ಈ ಮನೆ ಬಾಗಿಲೂ ಬೇಕು. ಒಂದನ್ನ ಕೊಟ್ಟು ಇನ್ನೊಂದನ್ನ ತಗೊಳೋದಿಲ್ಲ."

ಶುಕ್ರವಾರ ಬೆಳಿಗ್ಗೆ ದ್ರಾಕ್ಷಿ ಬಳ್ಳಿಯ ಎಳೆ ಎಲೆಗಳನ್ನು ಕಿತ್ತು ತಂದು ಜಗಲಿಯಲ್ಲಿ ಕೂತು ಅಕ್ಕಿ ತುಂಬಿ ಸುತ್ತಿದೆವು. ಅತ್ತೆಯ ಸುರುಳಿಗಳು ಎಲ್ಲಕ್ಕಿಂತ ಸಣ್ಣ, ಎಲ್ಲಕ್ಕಿಂತ ಬಿಗಿ.

"ನೋಡ್ರೇ, ಮದುಮಗಳ ಕೈ ಹೆಂಗೆ ಓಡ್ತಿದೆ" ಎಂದಳು ದೊಡ್ಡಮ್ಮ.

"ನಿನ್ನ ಸುರುಳಿ ನೋಡು ಅತ್ತಿಗೆ, ಅಬೂ ನಾಯಿಫ್ ಬಸ್ಸಿನ ಸೀಟಿನಷ್ಟು ದಪ್ಪ."

"ಆ ಸೀಟಿನ ಸುದ್ದಿ ಜರ್ಕಾದಿಂದ ಇಲ್ಲಿವರೆಗೂ ಬಂದಿದೆ ತಾಯಿ. ಅಷ್ಟು ಬೇಗ ಯಾವ ಮಕ್ಕಳು ಹರೀತಾರೆ ಅದನ್ನ? ಬಸ್ಸಲ್ಲಿ ಬೆಕ್ಕು ಸಾಕಿದಾನಾ?"

ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕಳು, ಆದರೆ ಹಣೆಗೆ ಬಟ್ಟೆ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಕಾಫಿಯಿಲ್ಲದೆ ತಲೆ ಸಿಡಿಯುತ್ತಿತ್ತು. ಚಹಾ ಕುಡಿಯುತ್ತಿದ್ದಳು, ಚಹಾಕ್ಕೆ ಯಾವ ಕಟ್ಟುಪಾಡೂ ಇಲ್ಲ. ಆದರೆ ಚಹಾ ಅವಳಿಗೆ ನಾಟುವುದಿಲ್ಲ. ಅಡುಗೆಮನೆಯಲ್ಲಿ ದೊಡ್ಡಮ್ಮ ಒಂದು ಲೋಟ ಕಾಫಿ ಮಾಡಿ ತಲೆವಸ್ತ್ರದ ಮರೆಯಲ್ಲಿ ಚಾಚಿದಳು. "ಕುಡಿ, ಇಲ್ಲಿ ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ" ಎಂದಳು ಅತ್ತೆ.

ವಿಚಿತ್ರವೆಂದರೆ ಅತ್ತ ದೊಡ್ಡಪ್ಪನೂ ಕಾಫಿ ಕುಡಿಯುತ್ತಿರಲಿಲ್ಲ. ಎದುರಿಗೆ ತುಂಬಿದ ಬಟ್ಟಲು ಇರುವಾಗ ಮನೆಯ ಯಜಮಾನ ತಾನು ಹೇಗೆ ಕುಡಿಯುವುದು? ಅತಿಥಿಯಲ್ಲ ಎಂದು ಬಾಯಲ್ಲಿ ಹೇಳಿದ್ದರೂ ಕೈ ಹೂಜಿಯ ಕಡೆ ಹೋಗಲೊಲ್ಲದು. ಮಧ್ಯಾಹ್ನದ ಹೊತ್ತಿಗೆ ಕೋಳಿ ಕೂಗಿದರೂ ರೇಗಿದರು, ಬಾಗಿಲು ಕಿರುಗುಟ್ಟಿದರೂ ರೇಗಿದರು. ಊಟಕ್ಕೆ ದೊಡ್ಡ ಹರಿವಾಣದಲ್ಲಿ ಮೊಸರು ಸಾರಿನಲ್ಲಿ ಬೆಂದ ಕುರಿಮಾಂಸ, ಅನ್ನ. ಎಲ್ಲರೂ ಸುತ್ತ ಕೂತು ಒಂದೇ ಹರಿವಾಣಕ್ಕೆ ಕೈಯಿಟ್ಟೆವು. ದೊಡ್ಡಪ್ಪ ಒಳ್ಳೆಯ ತುಂಡೊಂದನ್ನು ಬಿಡಿಸಿ, ಮಾತಿಲ್ಲದೆ, ಅತ್ತೆಯ ಮುಂದೆ ಅನ್ನದ ಮೇಲಿಟ್ಟರು. ಅತ್ತೆ ಅದನ್ನು ತಿಂದಳು.

"ಮಾಂಸ ತಿನ್ನಬಹುದು, ಕಾಫಿ ಕುಡೀಬಾರದು. ಇದು ಯಾವ ಧರ್ಮ?" ಎಂದು ಗೊಣಗಿದರು.

"ಹಸಿವಿಗೂ ನನಗೂ ಜಗಳ ಇಲ್ಲ ಅಣ್ಣ."

ಶನಿವಾರ ಕಣಿವೆಗೆ ಹೋದೆವು. ಮಕ್ಕಳು ಹಿಪ್ಪುನೇರಳೆ ಮರ ಹತ್ತಿ ಅಂಗಿಗಳನ್ನೆಲ್ಲ ಕಪ್ಪು ಮಾಡಿಕೊಂಡರು. ಅಪ್ಪ ಕಲ್ಲಿನ ನೆರಳಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋದ. ಅಣ್ಣ ತಂಗಿ ಇಬ್ಬರೂ ಹಣೆಗೆ ಬಟ್ಟೆ ಕಟ್ಟಿಕೊಂಡು, ಒಬ್ಬರು ಚಾಪೆಯ ಆ ತುದಿ, ಒಬ್ಬರು ಈ ತುದಿ. ನಡುವೆ ದೊಡ್ಡಮ್ಮ ಏಪ್ರಿಕಾಟ್ ಬಿಡಿಸುತ್ತ, "ಒಂದೇ ಹೊಟ್ಟೇಲಿ ಹುಟ್ಟಿದ ಎರಡು ಹೇಸರಗತ್ತೆಗಳು. ಮೂವತ್ತು ವರ್ಷ ಇದರಲ್ಲಿ ಒಂದನ್ನ ನಾನು ಸಾಕಿದೀನಿ" ಎಂದಳು. ನಗು ಬಂದರೂ ಯಾರೂ ನಗಲಿಲ್ಲ.

ಭಾನುವಾರ ನಾವು ಹೊರಡುವ ದಿನ. ಬೆಳಿಗ್ಗೆ ನೆರೆಯ ಅಬೂ ಶಾಹಿರ್ ಕೋಲೂರಿಕೊಂಡು ನಮ್ಮನ್ನು ನೋಡಲು ಬಂದರು. ಊರಿಗೇ ಹಿರಿಯರು. ದೊಡ್ಡಪ್ಪ ಅವರನ್ನು ಮೇಲಿನ ದಿಂಬಿಗೆ ಒರಗಿಸಿ ಕೂರಿಸಿ, ಕಾಫಿ ಸುರಿದು ಚಾಚಿದರು. ಮುದುಕರ ಕಣ್ಣು ಚಾಪೆಯ ಮೇಲೆ ಮುಚ್ಚಿಟ್ಟಿದ್ದ ಬಟ್ಟಲಿನ ಮೇಲೆ ಬಿತ್ತು. ಬಟ್ಟಲಿಗೆ ನೀಡಿದ್ದ ಅವರ ಕೈ ಹಿಂದೆ ಸರಿಯಿತು.

"ಅದು ಯಾರದಪ್ಪ, ಮಿತ್ಕಾಲ್?"

"ಅದು ಏನಿಲ್ಲ ಚಾಚಾ. ನೌಫಾದು. ಹುಡುಗಾಟ."

"ನೌಫಾ ಹುಡುಗಾಟ ಆಡೋದನ್ನ ನಾನು ಅವಳು ಹುಡುಗಿ ಆಗಿದ್ದಾಗಲೂ ಕಾಣಲಿಲ್ಲ. ಎಂದಿಂದ ಇದೆ?"

"ಗುರುವಾರದಿಂದ" ಎಂದರು ದೊಡ್ಡಪ್ಪ, ಹೂಜಿಯ ಕಡೆ ಬಗ್ಗಿ. ಬಾಗಿಲ ಹಿಂದೆ ನಿಂತಿದ್ದ ನನಗೆ ಅವರ ಕತ್ತು ಮಾತ್ರ ಕಾಣುತ್ತಿತ್ತು.

"ಹಂಗಾದ್ರೆ ನನ್ನದು ಇರಲಿ" ಎಂದು ಅಬೂ ಶಾಹಿರ್ ಕೋಲಿನ ಮೇಲೆ ಭಾರ ಹಾಕಿ ಎದ್ದರು. "ಮೊದಲು ಬಂದೋರದು ಮೊದಲು ಮುಗೀಲಿ. ಗಂಡಸೋ ಹೆಂಗಸೋ, ಬಟ್ಟಲು ಬಟ್ಟಲೇ ಮಗನೇ. ಕೊಡೋದಾದ್ರೆ ಕೊಡು, ಇಲ್ಲ ಅಂದ್ರೆ ಮುಖ ನೋಡಿ ಇಲ್ಲ ಅನ್ನು. ತಟ್ಟೆ ಮುಚ್ಚಿ ಇಡೋ ಪದ್ಧತಿ ನಮ್ಮಲ್ಲಿಲ್ಲ."

ಆ ಮನೆಯಿಂದ ಅತಿಥಿಯೊಬ್ಬರು ಕಾಫಿ ಮುಟ್ಟದೆ ಹೋದರು. ದೊಡ್ಡಪ್ಪ ಅವರನ್ನು ಬಾಗಿಲವರೆಗೆ ಕಳಿಸಿ, ಆಮೇಲೆ ಧಡಧಡ ಹಿತ್ತಲಿಗೆ ನಡೆದರು. ಅಲ್ಲಿ ಅತ್ತೆ ನಮ್ಮ ದಾರಿಗೆಂದು ರೊಟ್ಟಿ ಸುಡುತ್ತಿದ್ದಳು. ನಾನು ಅವರಿಗಿಂತ ಮುಂಚೆ ಓಡಿಬಂದು ಹಿಟ್ಟಿನ ಉಂಡೆ ಮಾಡಿಕೊಡುತ್ತಿದ್ದೆ, ಏಳುವುದೋ ಕೂರುವುದೋ ತಿಳಿಯಲಿಲ್ಲ.

"ನನ್ನ ಮಾನ ಕಳೆದೆ."

"ನಾನು ಒಳಗೆ ಬಂದೂ ಇಲ್ಲ ಅಣ್ಣ."

"ಊರು ಏನನ್ನುತ್ತೆ? ಮಿತ್ಕಾಲ್ ಒಬ್ಬ ತಂಗಿಗೆ ರೊಟ್ಟಿ ಹಾಕಲಾರದೆ ಈ ವಯಸ್ಸಲ್ಲಿ ಸಾಗಹಾಕಿದ ಅನ್ನೋದಿಲ್ವಾ?"

"ನನ್ನ ರೊಟ್ಟಿ ನಾನೇ ಹೊಲಕೊಂಡು ತಿಂತಿದೀನಿ, ಊರಿಗೆ ಗೊತ್ತು." ಅತ್ತೆ ರೊಟ್ಟಿ ತಿರುವಿದಳು. "ರೊಟ್ಟಿ ಅಲ್ಲ ಅಣ್ಣ. ಸಂಜೆ ಮೆಷಿನ್ ನಿಂತ ಮೇಲೆ ಕೋಣೇಲಿ ಒಂದು ಶಬ್ದ ಇರಲ್ಲ. ಆ ಮನುಷ್ಯ ಸೀಟು ಹೊದಿಕೆ ಕೊಟ್ಟು ಬಾಗಿಲಲ್ಲೇ ನಿಂತು, ಯಾವ ಮಗು ಬಸ್ಸಲ್ಲಿ ವಾಂತಿ ಮಾಡ್ತು, ಯಾವುದು ಹಾಡು ಹೇಳ್ತು ಅಂತ ಹೇಳ್ತಾರೆ. ನಾನು ನಗ್ತೀನಿ. ಅಷ್ಟೇ. ಅದು ಬೇಕು ನನಗೆ."

ಅತ್ತೆ ದನಿ ಏರಿಸದೆಯೇ ಮುಂದುವರಿಸಿದಳು. "ಮೊದಲನೇ ಸಲ ನನ್ನ ಕೇಳೋಕೆ ಬಂದಾಗ ಅಪ್ಪ ಪಡಸಾಲೆಯಲ್ಲಿ 'ಕುಡೀರಿ' ಅಂದರು. ನೀನು ಸುರಿದೆ. ನಾನು ಬಾಗಿಲ ಹಿಂದೆ ನಿಂತಿದ್ದೆ. ಒಂದು ರೂಮು ತುಂಬ ಗಂಡಸರು ನನ್ನ ಬದುಕು ಕುಡಿದು ಎದ್ದುಹೋದರು. ಆಗ ಯಾರೂ ನನಗೊಂದು ಬಟ್ಟಲು ಕೊಡಲಿಲ್ಲ."

"ಆ ಮನುಷ್ಯ ನಿನ್ನನ್ನ ಚೆನ್ನಾಗಿ ನೋಡ್ಕೊಂಡ ನೌಫಾ."

"ನೋಡ್ಕೊಂಡರು. ಅಲ್ಲಾಹ್ ಅವರಿಗೆ ಸ್ವರ್ಗ ಕೊಡಲಿ. ನಾನು ಅದರ ಮಾತಾಡ್ತಿಲ್ಲ."

ರೊಟ್ಟಿ ಸೀಯುವ ವಾಸನೆ ಬಂತು. ಇಬ್ಬರೂ ನೋಡಲಿಲ್ಲ, ನಾನೇ ತೆಗೆದೆ.

"ಸರಿ" ಎಂದರು ದೊಡ್ಡಪ್ಪ, ನೆಲ ನೋಡುತ್ತ. "ಅವನಿಗೆ ಹೇಳು. ಮುಂದಿನ ಶುಕ್ರವಾರ ಹಿರಿಯರನ್ನ ಕರ್ಕೊಂಡು ಮತ್ತೆ ಬರಲಿ. ಅವರ ಬಟ್ಟಲು ಕುಡಿಸ್ತೀನಿ. ಆಯ್ತಲ್ಲ? ಈಗ ಎದ್ದು ಬಾ, ಕಾಫಿ ಕುಡಿಯೋಣ. ನನ್ನ ತಲೆ ಒಡೀತಿದೆ."

ಇಷ್ಟಕ್ಕೇ ಯಾರಾದರೂ ಎದ್ದುಬಿಡುತ್ತಿದ್ದರು. ನಾನಾಗಿದ್ದರೆ ಖಂಡಿತ ಏಳುತ್ತಿದ್ದೆ. ಅತ್ತೆ ಏಳಲಿಲ್ಲ.

"ಅವರು ಬಂದಾಗ ಅವರದು. ಬರಲಿ, ಕುಡೀಲಿ. ಒಳಗಿರೋದು ನನ್ನ ಬಟ್ಟಲು. ಅದಕ್ಕೆ ನನಗೇ ಉತ್ತರ ಬೇಕು."

"ಎರಡೂ ಒಂದೇ ತಾನೇ?"

"ಒಂದೇ ಆಗಿದ್ರೆ ಹೇಳೋಕೆ ನಿನಗೇನು ಕಷ್ಟ?"

ದೊಡ್ಡಪ್ಪ ಬಯ್ಯುತ್ತಾರೆ ಎಂದುಕೊಂಡೆ. ಅವರು ಒಳಗೆ ಹೋದರು. ಅತ್ತೆ ಕೈಯ ಹಿಟ್ಟು ತೊಳೆದು, ಹಣೆಯ ಬಟ್ಟೆ ಬಿಚ್ಚಿ, ತಲೆವಸ್ತ್ರ ಸರಿಪಡಿಸಿಕೊಂಡು ಹಿಂದೆಯೇ ನಡೆದಳು. ಅಪ್ಪ, ಅಮ್ಮ, ದೊಡ್ಡಮ್ಮ ಎಲ್ಲರೂ ಹೇಗೋ ಪಡಸಾಲೆಯ ಬಾಗಿಲಲ್ಲಿ ಸೇರಿಬಿಟ್ಟಿದ್ದರು.

ದೊಡ್ಡಪ್ಪ ತಟ್ಟೆ ತೆಗೆದರು. ತಣ್ಣಗೆ ಕಪ್ಪಾಗಿ ನಿಂತಿದ್ದ ಕಾಫಿಯನ್ನು ಹೊರಗೆ ಚೆಲ್ಲಿ, ಬಟ್ಟಲು ತೊಳೆದು, ಬಿಸಿ ಮಾಡಿದ ಹೂಜಿಯಿಂದ ಹೊಸದಾಗಿ ಸುರಿದರು. ಅತ್ತೆ ಗುರುವಾರ ಕೂತಿದ್ದ ಜಾಗದಲ್ಲೇ ಕೂತಿದ್ದಳು. ಬಟ್ಟಲನ್ನು ತೆಗೆದುಕೊಂಡು ಮತ್ತೆ ಮುಂದೆ ಇಟ್ಟಳು.

"ಕುಡಿ, ನೌಫಾ" ಎಂದರು ದೊಡ್ಡಪ್ಪ. "ನೀನು ಬಂದ ಕೆಲಸ ಆಯ್ತು."

ಅತ್ತೆ ಕುಡಿದಳು. ಕಣ್ಣು ಮುಚ್ಚಿ, ಒಂದೇ ಗುಟುಕಿಗೆ. ಸಾಕು ಎನ್ನುವವರು ಬಟ್ಟಲನ್ನು ಅಲ್ಲಾಡಿಸಿ ಹಿಂದಿರುಗಿಸುತ್ತಾರೆ. ಅವಳು ಅಲ್ಲಾಡಿಸಲಿಲ್ಲ, ಮತ್ತೆ ಚಾಚಿದಳು. ದೊಡ್ಡಪ್ಪ ಮತ್ತೆ ಸುರಿದರು. ಮತ್ತೆ ಚಾಚಿದಳು.

"ಸಾಕು ಮಾರಾಯ್ತಿ" ಎಂದು ದೊಡ್ಡಪ್ಪ ಎಂದೂ ಯಾರಿಗೂ ಕೊಡದ ಹೂಜಿಯನ್ನು ಅವಳ ಕೈಗೆ ಕೊಟ್ಟು ಎದುರಿಗೆ ಕುಸಿದು ಕೂತರು. "ನನಗೂ ಒಂದು ಸುರಿ."