ಘಾಟಿಯಲ್ಲಿ ಬಸ್ಸಿಳಿಸುವ ಸುಗಂಧಿ

ಬೆಳಕು ಹರಿಯುವ ಹೊತ್ತಿಗೆ ಸುಗಂಧಿ ಆಗುಂಬೆ ಘಾಟಿಯ ಕೆಳಗಿನ ತಿರುವಿನಲ್ಲಿದ್ದಾರೆ. ತಲೆಗೆ ಮಳೆ ತಡೆಯುವ ಎಲೆಯ ಗೊರಬು, ಕೈಯಲ್ಲಿ ಬಿದಿರ ಕೋಲು. ರಸ್ತೆಯ ಮೇಲ್ಬದಿಯ ಗುಡ್ಡಕ್ಕೆ ಕೋಲು ಚುಚ್ಚಿ, ಮಣ್ಣು ಎಷ್ಟು ಸಡಿಲವಾಗಿದೆಯೆಂದು ನೋಡುತ್ತಾರೆ. ಆಮೇಲೆ ಕಣ್ಣು ಮರಗಳತ್ತ. "ನಿನ್ನೆ ನೆಟ್ಟಗೆ ನಿಂತದ್ದು ಇವತ್ತು ಬಗ್ಗಿದರೆ ಏನೋ ಕಾರಣ ಉಂಟು, ಅಲ್ವಾ?"

ಕಾರ್ಕಳ ತಾಲೂಕಿನ ಸೋಮೇಶ್ವರದ ಸುಗಂಧಿ ರಸ್ತೆ ಗ್ಯಾಂಗಿನ ಕೂಲಿ. ಮಳೆಗಾಲದಲ್ಲಿ ಗುಡ್ಡ ನೋಡಿ ಬಸ್ಸು ಬಿಡುವುದು ಅವರ ಕೆಲಸ. ಅನುಮಾನ ಬಂದರೆ ಎಲ್ಲರನ್ನೂ ಇಳಿಸುತ್ತಾರೆ. ಗುಡ್ಡ ಕಾಣುವಂತೆ ಕೊಡೆ ಮಡಚಿ ಒಬ್ಬೊಬ್ಬರೇ ದಾಟಬೇಕು. ದಾಟುವವರ ಮೇಲೆ ಉಳಿದವರು ಕಣ್ಣಿಟ್ಟಿರಬೇಕು. ಖಾಲಿ ಬಸ್ಸು ಕೊನೆಗೆ. ಪ್ರಯಾಣಿಕರ ಬೈಗುಳ ಅವರಿಗೆ ಬೆಳಗಿನ ಗಂಜಿಯಷ್ಟೇ ರೂಢಿ.

ಸಾವಿರದ ಒಂಬೈನೂರ ಐವತ್ತೆಂಟರ ಆಟಿ ತಿಂಗಳ ಜಡಿಮಳೆಯಲ್ಲಿ ಗುಡ್ಡ ಅವರ ಮೇಲೆಯೇ ಜಾರಿತ್ತು. ಅವರು ಮುಚ್ಚಿಹೋದ ಜಾಗದಿಂದ ಕಣ್ಣು ತೆಗೆಯದೆ ಓಡಿಬಂದ ಮೇಸ್ತ್ರಿ ದೇಜಪ್ಪ, ಪಿಕಾಸಿ ತಾಗೀತೆಂದು ಬರಿಗೈಯಲ್ಲೇ ಮಣ್ಣು ಕೆದಕಿ ಹೊರಗೆಳೆದರು. "ಮುಖಕ್ಕೆ ಕೈ ಅಡ್ಡ ಹಿಡಿದಿದ್ದೆ. ಅಷ್ಟು ಗಾಳಿಯೇ ಉಳಿಸಿದ್ದು. ಮೇಸ್ತ್ರಿಯೂ ನನ್ನೊಟ್ಟಿಗೆ ಇದ್ದಿದ್ದರೆ ತೆಗೆಯುವವರು ಯಾರು?"

ಕಳೆದ ಶ್ರಾವಣದಲ್ಲಿ ಉಡುಪಿಯಿಂದ ನಸುಕಿಗೇ ಹೊರಟ ಬಸ್ಸಿನಲ್ಲಿ ಶಂಕರಪುರದ ಬೆನೆಡಿಕ್ಟಾ ಬಾಯಿ ಇದ್ದರು. ಮಡಿಲಲ್ಲಿ ಆಗುಂಬೆಯ ಮದುವೆಮನೆಗೆ ಮಲ್ಲಿಗೆಯ ಬುಟ್ಟಿ. ತಿರುವಿಗೆ ಮೊದಲೇ ಸುಗಂಧಿ ಕೈ ಅಡ್ಡ ಹಿಡಿದರು. ಚರಂಡಿಯಲ್ಲಿ ಭೋರೆನ್ನುತ್ತಿದ್ದ ನೀರು ಆಗಷ್ಟೇ ನಿಂತುಹೋಗಿತ್ತು.

"ಮುಹೂರ್ತ ತಪ್ಪುತ್ತದೆ ಮಾರಾಯ್ತಿ!" ಚಾಲಕ ವ್ಯಾಲೆಂಟೈನ್ ಹಾರ್ನ್ ಒತ್ತಿದರು.

"ಮಳೆ ಬರುತ್ತಾ ಉಂಟು, ನೀರು ಎಲ್ಲಿ ಹೋಯಿತು? ಮೇಲೆ ಎಲ್ಲೋ ಕಟ್ಟಿ ನಿಂತಿದೆ. ಬಸ್ಸು ಹಿಂದೆ ತೆಗೆಯಿರಿ!" ಎಂದ ಸುಗಂಧಿ ಬಸ್ಸಿನ ಎದುರು ಕುಳಿತೇಬಿಟ್ಟರು.

ವ್ಯಾಲೆಂಟೈನ್ ಗೊಣಗುತ್ತಾ ಹಿಂದೆ ತೆಗೆದರು; ಸುಗಂಧಿಯೂ ಜತೆಗೇ ಸರಿದರು. ಸ್ವಲ್ಪ ಹೊತ್ತಿನಲ್ಲೇ ಗುಡ್ಡ ಮರಗಳ ಸಮೇತ ಇಳಿದು ರಸ್ತೆಯನ್ನು ನುಂಗಿತು. ಮೊದಲು ಬಾಯಿ ಬಿಟ್ಟವರು ಬೆನೆಡಿಕ್ಟಾ: "ದೇವರೇ, ನಾವು ಉಳಿದೆವು! ಆದರೆ ಮದುಮಗಳ ಜಡೆಗೆ ಹೂವು?"

ರಸ್ತೆಯ ಆಚೆ ಬದಿಯ ಬಂಡೆ ಮೇಲೆ ಆಗುಂಬೆಗೆ ಹತ್ತುವ ಹಳೇ ಕಾಲುದಾರಿ ಇದೆ; ಅದು ಕುಸಿಯುವಂಥದ್ದಲ್ಲ. ಸುಗಂಧಿ ಬುಟ್ಟಿ ತಲೆಗೇರಿಸಿದರು. ಬೆನೆಡಿಕ್ಟಾ ಬಾಯಿ ಏದುಸಿರು ಬಿಡುತ್ತಾ, ಸಂತರನ್ನೆಲ್ಲ ಕರೆಯುತ್ತಾ ಹಿಂದಿನಿಂದ ಹತ್ತಿದರು. ಮುಹೂರ್ತಕ್ಕೆ ಮೊದಲೇ ಹೂವು ಮುಟ್ಟಿತು. ಮದುಮಗಳ ತಾಯಿ ಕೆಸರು ಮೆತ್ತಿದ್ದ ಇಬ್ಬರನ್ನೂ ಚಾವಡಿಯಲ್ಲಿ ಕೂರಿಸಿ, ಸಾಕು ಸಾಕೆಂದರೂ ಬಿಡದೆ ಹೋಳಿಗೆ ಬಡಿಸಿದರು. ಈಗ ವ್ಯಾಲೆಂಟೈನ್ ತಾವಾಗಿಯೇ ಬಸ್ಸು ನಿಲ್ಲಿಸಿ, "ಅಕ್ಕಾ, ಹೋಗಬಹುದಾ?" ಎಂದು ಕೇಳುತ್ತಾರೆ.

ಏನಾದರೂ ಆಸೆ ಉಂಟೇ ಎಂದರೆ ಸುಗಂಧಿ ನಗುತ್ತಾರೆ. "ಎಂತ ಆಸೆ! ಇಷ್ಟು ಜನರನ್ನು ಇಳಿಸಿದ್ದೇನೆ, ನಾನು ಒಮ್ಮೆಯೂ ಹತ್ತಿದವಳಲ್ಲ. ಒಂದು ದಿನ ಕಿಟಕಿ ಬದಿ ಕೂತು ಆಗುಂಬೆಗೆ ಹೋಗಬೇಕು. ಆದರೆ ಈ ತಿರುವಿನಲ್ಲಿ ಮಾತ್ರ ನಾನು ಇಳಿದು ನಡೆದೇ ದಾಟುವುದು, ಆಯ್ತಾ?"